ಶೀಲಾವತಿ ಮರೆತಳೆನ್ನಲಾದ ಜಾಳಿ

ಬಾಡಿಗೆ ವ್ಯಾನಿನ ಟ್ರಿಪ್ ಇರುವ ದಿನ ಬೆಳಕು ಹರಿಯುವ ಮೊದಲು ಶೀಲಾವತಿ ಮುಗಿಸಬೇಕಾದ ಕೆಲಸಗಳು ಇವು. ನಳದಲ್ಲಿ ನೀರು ಬರುವ ಹೊತ್ತಿಗೆ ಎದ್ದು ಡ್ರಮ್ಮು, ಕೊಡ, ಬಾಲ್ದಿ ತುಂಬಿಸುವುದು. ಹಿಂದಿನ ಸಂಜೆ ರುಬ್ಬಿಟ್ಟ ದೋಸೆಹಿಟ್ಟು ಉಬ್ಬಿದೆಯೋ ಎಂದು ಮುಚ್ಚಳ ತೆಗೆದು ನೋಡಿ, ಉಪ್ಪು ಹಾಕಿ, ಗಟ್ಟಿ ಮುಚ್ಚಳದ ಡಬ್ಬಕ್ಕೆ ಸುರಿಯುವುದು. ನಾಲ್ಕು ಕಾಯಿ ತುರಿಯುವುದು. ಕಾಲೇಜಿಗೆ ಹೋಗುವ ಮಗಳಿಗೆ ಚಪಾತಿ, ಗಂಡನಿಗೆ ಚಾ, ಮೈದುನನಿಗೆ ಸಕ್ಕರೆ ಹಾಕದ ಚಾ. ವ್ಯಾನಿನ ಹಾಸಿಗೆಗಳ ಚಾದರ, ದಿಂಬಿನ ಚೀಲಗಳನ್ನು ಕಲೆಯಿದೆಯೋ ಎಂದು ದೀಪಕ್ಕೆ ಹಿಡಿದು ನೋಡಿ ಮಡಿಸುವುದು. ಕೆಳಗಿಳಿದು ವ್ಯಾನಿನ ಸಂಡಾಸಿನ ಡಬ್ಬವನ್ನು ಫಿನಾಯಿಲ್ ಹಾಕಿ ತಿಕ್ಕುವುದು. ಅದಕ್ಕೊಂದು ಚೆಂದದ ಇಂಗ್ಲಿಷ್ ಹೆಸರಿದೆ, ತಿಕ್ಕುವವಳಿಗೆ ಅದು ಡಬ್ಬವೇ. ಎಲ್ಲ ಮುಗಿದ ಮೇಲೆ, ಆಕಾಶ ಬಿಳಿಚುವಾಗ, ಜನರೇಟರಿನ ಜಾಳಿ.

ಜಾಳಿ ಎಂದರೆ ಹೆಬ್ಬೆರಳು ತೂರುವಷ್ಟು ಅಗಲದ, ಸಣ್ಣ ಟೊಪ್ಪಿಯಂಥ ಉಕ್ಕಿನ ಜರಡಿ. ಗಂಡಸರು ಅದನ್ನು ಸ್ಪಾರ್ಕ್ ಅರೆಸ್ಟರ್ ಎನ್ನುತ್ತಾರೆ. ಜನರೇಟರಿನ ಹೊಗೆ ಹೊರಬರುವ ಬಾಯಿಗೆ ಅದನ್ನು ಒಂದು ಸ್ಕ್ರೂ ಹಾಕಿ ಕೂರಿಸುತ್ತಾರೆ. ಹೊಗೆಯ ಜೊತೆ ಹಾರುವ ಕೆಂಡದ ಚೂರುಗಳನ್ನು ಅದು ಒಳಗೇ ತಡೆಯುತ್ತದೆ. ಮಾಹುಲಿನ ಎಣ್ಣೆ ಡಿಪೋಗಳ ಒಳಗೆ ಹೋಗುವ ಟ್ಯಾಂಕರುಗಳಿಗೂ ಇಂಥದ್ದನ್ನೇ ಸಿಕ್ಕಿಸುತ್ತಾರೆ ಎಂದು ಗಂಡ ಧನರಾಜ ಹೇಳಿದ್ದ. ಒಂದೇ ತೊಂದರೆ, ಮಸಿ ಕಟ್ಟಿಕೊಂಡರೆ ಜನರೇಟರಿನ ಉಸಿರು ಸಿಕ್ಕಿಕೊಳ್ಳುತ್ತದೆ. ಆಗಾಗ ಬಿಚ್ಚಿ ಉಜ್ಜಬೇಕು.

ಮೊದಲ ಸಲ ಅದನ್ನು ಬಿಚ್ಚಿದ ಧನರಾಜ ನೇರವಾಗಿ ಅಡುಗೆಮನೆಗೆ ತಂದಿದ್ದ. "ನೋಡು, ಚಾ ಸೋಸುವುದರ ಹಾಗೇ ಉಂಟು. ನಿನಗೆ ಇದೆಲ್ಲ ಗೊತ್ತಲ್ಲ."

ಅಷ್ಟೇ. ಯಂತ್ರದ ಉಳಿದೆಲ್ಲ ಭಾಗಗಳು ಗಂಡಸರ ಕೆಲಸವಾಗಿ ಉಳಿದವು. ಉಜ್ಜುವ ಭಾಗ ಮಾತ್ರ ಪಾತ್ರೆಯಾಯಿತು. ಅವಳು ಅದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಕೆಂಪಗಾಗಿಸಿ, ಆರಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿ ಉದುರಿಸಿ, ಕೆಳಗೆ ಹೋಗಿ ತಾನೇ ಸ್ಕ್ರೂ ತಿರುಗಿಸಿ ಬರುತ್ತಿದ್ದಳು.

ಕಾಪುವಿನಿಂದ ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ಅವಳು ಇಂಥ ಕೆಲಸಗಳನ್ನೇ ಮಾಡಿದವಳು. ಆಗ ಧನರಾಜನಿಗೆ ವಿಕ್ರೋಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿನ ಕಾಂಟ್ರಾಕ್ಟ್ ಇತ್ತು. ಇಡ್ಲಿ ಹಿಟ್ಟು, ಸಾಂಬಾರಿನ ಮಸಾಲೆ, ವಡೆಯ ಉದ್ದು ಎಲ್ಲ ಮನೆಯಲ್ಲಿ ಅವಳ ಕೈಯಿಂದಲೇ ಹೋಗುತ್ತಿತ್ತು. ಕ್ಯಾಂಟೀನಿನಲ್ಲಿ ಸಂಬಳಕ್ಕಿದ್ದವರೆಲ್ಲರ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಲೋಟ ತೊಳೆಯುವವನದೂ. ಅವಳದ್ದು ಇರಲಿಲ್ಲ. ಕಾಂಟ್ರಾಕ್ಟ್ ಕೈತಪ್ಪಿದ ಮೇಲೆ ಸಂಸಾರ ಬೊರಿವಲಿಗೆ ಬಂತು. ತಮ್ಮ ಮನೀಶನ ಮಾತು ಕೇಳಿ ಧನರಾಜ ಒಂದು ಹಳೆಯ ಟ್ರಾವೆಲರ್ ಕೊಂಡು, ಒಳಗೆ ಮಂಚ, ಒಲೆ, ಏಸಿ, ಸಂಡಾಸು ಕೂರಿಸಿ ಕ್ಯಾಂಪಿಂಗ್ ವ್ಯಾನು ಮಾಡಿದ. ಹೆಂಗಸಿನ ಹೆಸರಿನಲ್ಲಿ ಕೇಳಿದರೆ ಬ್ಯಾಂಕಿನಲ್ಲಿ ಸಾಲ ಬೇಗ ಆಗುತ್ತದೆ ಎಂದು ಯಾರೋ ಹೇಳಿದ್ದರಿಂದ ವ್ಯಾನಿನ ಕಾಗದಗಳೆಲ್ಲ ಶೀಲಾವತಿಯ ಹೆಸರಿಗಾದವು. ಇಷ್ಟು ವರ್ಷಗಳಲ್ಲಿ ಅವಳ ಹೆಸರು ಕಾಗದಕ್ಕೆ ಬಂದದ್ದು ಅದೇ ಮೊದಲು. ಬೀಗದ ಕೈ ಒಂದು ಧನರಾಜನ ಹತ್ತಿರ, ಇನ್ನೊಂದು ಮನೀಶನ ಹತ್ತಿರ ಇತ್ತು.

ವ್ಯಾನು ಹೆಚ್ಚಾಗಿ ಹೋಗುತ್ತಿದ್ದುದು ಕರ್ಜತ್ ಆಚೆಯ ಒಂದು ಮಾಳಕ್ಕೆ. ಡಾಂಬರು ಮುಗಿದು, ಕಲ್ಲುದಾರಿಯಲ್ಲಿ ಕುಲುಕುತ್ತಾ ಏರಿದರೆ ಮೇಲೆ ದೊಡ್ಡ ಬಯಲು. ಅದು ಪಾಟೀಲ ಎಂಬವರ ಜಾಗ. ಹೋಳಿ ಕಳೆದು ಮೊದಲ ಮಳೆ ಬೀಳುವವರೆಗೆ ಜಾಳಿ ಹಾಕದ ಜನರೇಟರು ತನ್ನ ಮಾಳದಲ್ಲಿ ಹೊತ್ತಿಸಕೂಡದು ಎಂಬುದು ಪಾಟೀಲನ ಕರಾರು. ಆ ತಿಂಗಳುಗಳಲ್ಲಿ ಮಾಳದ ಹುಲ್ಲು ಸೊಂಟದೆತ್ತರ ಒಣಗಿ ನಿಂತಿರುತ್ತದೆ. ಮಾಳದ ಕೆಳಗೆ ಹತ್ತಾರು ಗುಡಿಸಲುಗಳ ಒಂದು ವಾಡಿ. ಅಲ್ಲಿಯ ಹೌಸಾಬಾಯಿ ವ್ಯಾನಿಗೆ ನೀರು, ಮಜ್ಜಿಗೆ ತಂದುಕೊಡುತ್ತಿದ್ದಳು. ಎರಡು ಎಮ್ಮೆ ಸಾಕಿದ್ದ ವಿಧವೆ. ಶೀಲಾವತಿಯ ಪೇಟೆ ಮರಾಠಿಯನ್ನು ಕೇಳಿ ಸೆರಗು ಬಾಯಿಗೊತ್ತಿ ನಗುವವಳು.

"ನಿನ್ನ ಗಂಡ ಗಾಡಿ ಓಡಿಸುತ್ತಾನೆ, ಮೈದುನ ಫೋಟೋ ಹೊಡೆಯುತ್ತಾನೆ. ನೀನು ಏನು ಮಾಡ್ತೀ ಬಾಯಿ?" ಎಂದು ಒಮ್ಮೆ ಕೇಳಿದ್ದಳು.

"ಉಳಿದದ್ದು," ಎಂದಿದ್ದಳು ಶೀಲಾವತಿ. ಇಬ್ಬರೂ ನಕ್ಕಿದ್ದರು.

ಏಪ್ರಿಲಿನ ಆ ಟ್ರಿಪ್ಪಿಗೆ ಪೊವಯಿಯ ಎರಡು ಕುಟುಂಬಗಳು ಬಂದಿದ್ದವು. ನಡುಮಧ್ಯಾಹ್ನ. ವ್ಯಾನಿನ ನೆರಳಿನಲ್ಲಿ ಮಡಚುವ ಮೇಜಿನ ಮೇಲೆ ಶೀಲಾವತಿ ಚಪಾತಿಗೆ ಹಿಟ್ಟು ಕಲಸುತ್ತಿದ್ದಳು. ಒಳಗೆ ಏಸಿ ಓಡುತ್ತಿತ್ತು. ಅದರ ಜೊತೆಗೇ ಬಂದವರಲ್ಲಿ ಯಾರೋ ತಾವು ತಂದ ಕರೆಂಟಿನ ಒಲೆಯಲ್ಲಿ ನೂಡಲ್ಸ್ ಮಾಡಲು ಶುರುಮಾಡಿದರು. ಜನರೇಟರು ಕೆಮ್ಮಿತು, ನಿಂತಿತು. ಧನರಾಜ ಮತ್ತೆ ಹೊತ್ತಿಸಿದ. ಮತ್ತೆ ನಿಂತಿತು. ಒಳಗಿನಿಂದ ಒಬ್ಬರು, "ಭಯ್ಯಾ, ಏಸಿ ಕೇ ಹೀ ತೋ ಪೈಸೇ ದಿಯೇ ಹೈಂ!" ಎಂದು ಕೂಗಿದರು, ದುಡ್ಡು ಕೊಟ್ಟದ್ದೇ ಏಸಿಗೆ ಎಂಬಂತೆ.

ಧನರಾಜನ ಮುಖ ಕೆಂಪಾಯಿತು. ಸ್ಕ್ರೂಡ್ರೈವರ್ ತಂದು ಹೊಗೆಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಎಂತ ಮಾಡ್ತೀರಿ?" ಎಂದಳು ಶೀಲಾವತಿ.

"ಈ ಜಾಳಿಯದ್ದೇ ಉಪದ್ರ. ಬ್ಲಾಕ್ ಆಗಿದೆ."

"ಬೆಳಿಗ್ಗೆಯಷ್ಟೇ ಉಜ್ಜಿದ್ದೇನೆ. ಹುಲ್ಲು ನೋಡಿ ಸ್ವಲ್ಪ."

"ಅರ್ಧ ಗಂಟೆ ಮಾರಾಯ್ತಿ. ಇವರ ಊಟ ಆಗುವವರೆಗೆ. ನೀನು ಹಿಟ್ಟು ಕಲಸು."

ಅವನು ಜಾಳಿ ಬಿಚ್ಚಿದ. ಕೈಯಲ್ಲಿ ಹಿಡಿದುಕೊಂಡು ಎಲ್ಲಿಡಲಿ ಎಂದು ಅತ್ತಿತ್ತ ನೋಡಿದ. ಅವಳ ಕಾಲ ಬಳಿ ಪಾತ್ರೆ ಚೀಲ ಬಾಯ್ತೆರೆದುಕೊಂಡಿತ್ತು. ಅದರೊಳಗೆ ಹಾಕಿದ. ಅದರಲ್ಲಿ ಕಪಟವೇನೂ ಇರಲಿಲ್ಲ. ಉಜ್ಜುವ ವಸ್ತು ಯಾವುದೇ ಇರಲಿ, ಅವನ ಕೈಯಿಂದ ಅವಳ ಕಡೆಗೇ ಬೀಳುತ್ತಿತ್ತು. ಅವಳು ಎದ್ದು ಹೋಗಿ ಸ್ವಿಚ್ಚು ಆರಿಸಬಹುದಿತ್ತು. ಹಿಟ್ಟಾದ ಕೈಯನ್ನು ನೋಡಿಕೊಂಡಳು. ಆ ಸ್ವಿಚ್ಚನ್ನು ಅವಳು ಯಾವತ್ತೂ ಮುಟ್ಟಿರಲಿಲ್ಲ.

ಜನರೇಟರು ಓಡಿತು. ಮೊದಲ ಚಪಾತಿ ಬೇಯುವುದರೊಳಗೆ ವ್ಯಾನಿನ ಹಿಂದೆ ಹುಲ್ಲು ಚಟಚಟ ಎಂದಿತು. ಹಗಲಿನ ಬಿಸಿಲಿಗೆ ಉರಿ ಕಣ್ಣಿಗೆ ಬೀಳಲಿಲ್ಲ. ನೆಲ ಕಪ್ಪಾಗುತ್ತಾ ಓಡುವುದು ಮಾತ್ರ ಕಂಡಿತು. ಧನರಾಜ, ಮನೀಶ ವ್ಯಾನನ್ನು ಕಲ್ಲುದಾರಿಗೆ ಸರಿಸಿದರು. ಬಂದವರು ಮಕ್ಕಳನ್ನು ಎತ್ತಿಕೊಂಡು ದೂರ ನಿಂತು ವಿಡಿಯೋ ಮಾಡಿದರು. ಶೀಲಾವತಿ ಕುಡಿಯುವ ನೀರಿನ ಕ್ಯಾನನ್ನು ಮಡಿಸಿದ್ದ ಚಾದರಗಳ ಮೇಲೆ ಸುರಿದು, ಒದ್ದೆ ಚಾದರದಿಂದ ಬಡಿಯುತ್ತಾ ಇಳಿಜಾರಿನಲ್ಲಿ ಓಡಿದಳು. ಕೆಳಗಿನಿಂದ ವಾಡಿಯ ಹೆಂಗಸರು ಹಸಿ ಟೊಂಗೆ, ಒದ್ದೆ ಗೋಣಿ ಹಿಡಿದು ಏರಿ ಬಂದರು. ಗುಡಿಸಲುಗಳು ಉಳಿದವು. ಆದರೆ ಎಲ್ಲಕ್ಕಿಂತ ಮೇಲಿದ್ದ ಹೌಸಾಬಾಯಿಯ ಹುಲ್ಲಿನ ಬಣವೆ ಉಳಿಯಲಿಲ್ಲ. ಮಳೆ ಬರುವವರೆಗೆ ಎರಡು ಎಮ್ಮೆಗಳು ತಿನ್ನಬೇಕಾದದ್ದು ಅವಳ ಕಣ್ಣೆದುರೇ ಬೂದಿಯಾಯಿತು.

ಪಾಟೀಲ ಬೈಕಿನಲ್ಲಿ ಬಂದ. ಮೊದಲು ಜನರೇಟರಿನ ಹಿಂದೆ ಬಗ್ಗಿ ನೋಡಿದ. "ಕಾಯ್ ಹೋ ಧನರಾಜ್‌ಶೇಟ್, ಜಾಳಿ ಕುಠೆ?"

ಧನರಾಜ ತಲೆ ಕೆರೆದುಕೊಂಡ. ಅವನ ಕಣ್ಣು ಒಮ್ಮೆ ಹೆಂಡತಿಯ ಮೇಲೆ ಬಿದ್ದು, ಅಲ್ಲಿಂದ ಪಾತ್ರೆ ಚೀಲಕ್ಕೆ ಇಳಿಯಿತು. "ಹೆಂಡತಿ ತೊಳೆಯಲಿಕ್ಕೆ ತೆಗೆದಿದ್ದಳು ಪಾಟೀಲ್. ವಾಪಸ್ ಹಾಕಲು ಮರೆತಿದ್ದಾಳೆ." ಚೀಲದೊಳಗೆ ಕೈ ಹಾಕಿ ಜಾಳಿ ತೆಗೆದು ತೋರಿಸಿದ. "ನೋಡಿ, ಇಲ್ಲೇ ಉಂಟು. ಸೌಟಿನ ಜೊತೆ!"

ಪಾಟೀಲನ ಭುಜ ಸಡಿಲಾಯಿತು. ಬೇಕೆಂದೇ ತೆಗೆದಿದ್ದರೆ ಮಾತು ಬೇರೆ, ಮರೆತದ್ದಕ್ಕೆ ಏನು ಮಾಡುವುದು ಎಂದ. ತನ್ನ ಮನೆಯಲ್ಲೂ ಹಾಗೇ, ಹೆಂಡತಿ ಹಾಲು ಒಲೆಯ ಮೇಲಿಟ್ಟು ಮರೆಯುತ್ತಾಳೆ ಎಂದ. ಗಂಡಸರು ಮೂವರೂ ನಕ್ಕರು. ಬೆಂಕಿ ಆರಿದ ಮೇಲಿನ ನಗು, ಅದರಲ್ಲಿ ದ್ವೇಷವಿರಲಿಲ್ಲ. ಶೀಲಾವತಿ ಬಾಯಿ ತೆರೆದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಮತ್ತೆ, ಗಂಡಸರು ನಗುವಾಗ ಬರುವ ಅಭ್ಯಾಸದಂತೆ, ಮಸಿಯಾದ ಅವಳ ಮುಖದಲ್ಲೂ ಒಂದು ಸಣ್ಣ ನಗು ಬಂತು. ಆ ನಗುವಿಗಾಗಿ ಆಮೇಲೆ ಎಷ್ಟೋ ದಿನ ಅವಳು ತನ್ನನ್ನೇ ಬೈದುಕೊಂಡಳು.

ಹೊರಡುವಾಗ ಹೌಸಾಬಾಯಿ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ಖರೇನೇ ಮರೆತೆಯಾ ಬಾಯಿ?"

ಹೌಸಾಬಾಯಿ ಒಂದು ಕ್ಷಣ ಅವಳ ಕಣ್ಣನ್ನೇ ನೋಡಿದಳು.

"ಗೊತ್ತಾಯಿತು. ಆದರೆ ಮರೆತೆ ಅಂತಲೇ ಹೇಳು. ಮರೆತದ್ದಾದರೆ ಪಾಟೀಲ ನಿಮ್ಮಿಂದ ಮೇವು ಕೊಡಿಸುತ್ತಾನಂತೆ. ಬೇಕಂತ ಮಾಡಿದ್ದು ಅಂದರೆ ಪೋಲೀಸು, ಕೇಸು, ಗಾಡಿ ಠಾಣೆಗೆ. ನನ್ನ ಎಮ್ಮೆಗಳು ಕೇಸು ತಿನ್ನುತ್ತವೆಯೇ?"

ನಿಜ ಯಾರಿಗೆ ಸಲ್ಲಬೇಕೋ ಅವಳೇ ನಿಜ ಬೇಡ ಎಂದಳು. ಇನ್ನು ಅದನ್ನು ಎಲ್ಲಿಗೆ ಒಯ್ಯುವುದೆಂದು ಶೀಲಾವತಿಗೆ ತಿಳಿಯಲಿಲ್ಲ. ಘಾಟಿಯ ಉದ್ದಕ್ಕೂ ಸುಟ್ಟ ಚಾದರಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನೀಶ ಸ್ಟಿಯರಿಂಗ್ ಹಿಡಿದು, "ಅತ್ತಿಗೆ, ಟೆನ್ಶನ್ ಮಾಡಬೇಡಿ. ನಿಮಗೆ ಯಾರು ಎಂತ ಮಾಡ್ತಾರೆ? ಲೇಡೀಸ್ ಅಂದಕೂಡಲೇ ಅವ ಕೂಲ್ ಆದ. ಅಣ್ಣನ ದಿಮಾಗು ನೋಡಿ!" ಎಂದ. ಧನರಾಜ ಕಿಟಕಿಯ ಹೊರಗೆ ನೋಡುತ್ತಾ, "ಈಗ ಆ ವಿಷಯ ಬೇಡ," ಎಂದ.

ಆದರೆ ಆ ವಿಷಯವೇ ಊರೆಲ್ಲ ನಡೆಯಿತು. ಬಿಲ್ಡಿಂಗಿನ ಗೇಟಿನಲ್ಲಿ ಮನೀಶ ಹೇಳಿದ. ದಾದರಿನಲ್ಲಿ ಊರಿನವರ ಒಂದು ಸೀಮಂತಕ್ಕೆ ಹೋದಾಗ ಬಡಿಸುವವನೊಬ್ಬ, "ಶೀಲಕ್ಕ, ಉಪ್ಪು ಹಾಕಲು ಮರೆತಿಲ್ಲವಲ್ಲ ಇವತ್ತು?" ಎಂದು ಕೇಳಿ ಪಂಕ್ತಿಯನ್ನೇ ನಗಿಸಿದ. ಅವಳು ಅಲ್ಲಿ ಅಡುಗೆ ಮಾಡಿರಲೂ ಇಲ್ಲ. ಮನೆಯಲ್ಲಿ ಅವಳು ಗ್ಯಾಸು ಆರಿಸಿದ್ದಾಳೋ ಎಂದು ಧನರಾಜ ಎದ್ದು ಹೋಗಿ ನೋಡತೊಡಗಿದ. ಸುಳ್ಳು ತನ್ನದೇ ಎಂಬುದು ಅವನಿಗೆ ಮರೆತೇಹೋಗಿತ್ತೋ ಏನೋ. ಕೊನೆಕೊನೆಗೆ ಅವಳೇ ಬಾಗಿಲಿಗೆ ಬೀಗ ಹಾಕಿದ ಮೇಲೆ ಎರಡೆರಡು ಸಲ ಎಳೆದು ನೋಡುವಂತಾಯಿತು.

ಒಂದು ಸಂಜೆ ಮಗಳು ಯಕ್ಷಿತಾ ಮೊಬೈಲಿನಿಂದ ತಲೆಯೆತ್ತಿ, "ಅಮ್ಮ, ಸಚ್ಚೀ... ನೀನು ಮರೆತದ್ದಾ?" ಎಂದಳು.

"ಇಲ್ಲ. ನಿನ್ನ ಪಪ್ಪ ತೆಗೆದದ್ದು. ನಾನು ಬೇಡ ಹೇಳಿದೆ."

"ತೋ ಬೋಲೋ ನಾ! ಎಲ್ಲರ ಮುಂದೆ ಹೇಳು."

"ಯಾರ ಮುಂದೆ?"

ಯಕ್ಷಿತಾ ಯೋಚಿಸಿದಳು. ಪಪ್ಪ, ಚಿಕ್ಕಪ್ಪ, ಪಾಟೀಲ. ಮುಂದಿನ ಹೆಸರು ಅವಳಿಗೂ ಹೊಳೆಯಲಿಲ್ಲ. "ತುಂಬಾ ಅನ್‌ಫೇರ್ ಇದು," ಎಂದು ಅಮ್ಮನ ಭುಜಕ್ಕೆ ತಲೆ ಒರಗಿಸಿದಳು. ಆಮೇಲೆ, "ನಾಳೆ ನನ್ನ ಬಿಳಿ ಕುರ್ತಾ ಬೇಕು, ಒಗೆದಿದ್ದೀಯಲ್ಲ?" ಎಂದಳು.

ಹೌಸಾಬಾಯಿಯ ಫೋನು ಬರತೊಡಗಿತು. ಮೇವು ಇನ್ನೂ ಬಂದಿಲ್ಲ. ಬಿದಿರೆಲೆ, ಹಲಸಿನ ಎಲೆ ಕಡಿದು ಹಾಕುತ್ತಿದ್ದೇನೆ. ಒಂದು ಎಮ್ಮೆ ಹಾಲು ಕೊಡುವುದು ನಿಲ್ಲಿಸಿತು. ಅವಳು ಜಗಳವಾಡುತ್ತಿರಲಿಲ್ಲ, ಹವಾಮಾನ ಹೇಳುವವಳಂತೆ ಹೇಳಿ, ಊಟವಾಯಿತೇ ಎಂದು ಕೇಳಿ ಇಡುತ್ತಿದ್ದಳು. ಅದೇ ಶೀಲಾವತಿಗೆ ತಡೆಯಲಾಗುತ್ತಿರಲಿಲ್ಲ.

"ಮೇವು ಯಾವಾಗ ಕಳಿಸ್ತೀರಿ?" ಎಂದು ಗಂಡನನ್ನು ಕೇಳಿದಳು.

"ಶುಕ್ರವಾರ ಟ್ರಿಪ್ ಉಂಟಲ್ಲ, ವ್ಯಾನಿನ ಟಾಪಿನ ಮೇಲೆ ಹಾಕಿಕೊಂಡು ಹೋದರಾಯಿತು."

"ಒಣಹುಲ್ಲು ಹೊತ್ತುಕೊಂಡು? ಜಾಳಿ ಹಾಕಿದ್ದೀರಾ?"

"ಆ ಜಾಳಿ ಸೊಟ್ಟ ಆಗಿದೆ, ಕೂರುವುದಿಲ್ಲ. ಹೊಸತು ತರಿಸಬೇಕು. ಈ ಟ್ರಿಪ್ ಒಂದು ಹೀಗೇ ಆಗಲಿ."

"ಪಾಟೀಲ ನೋಡಿದರೆ?"

ಧನರಾಜ ನಕ್ಕ. ಕೆಟ್ಟ ನಗುವಲ್ಲ, ಮನೆಯ ಹಳೆಯ ತಮಾಷೆಗೆ ನಗುವ ಹಾಗೆ. "ನೋಡಿದರೆ ನೀನು ಇದ್ದೀಯಲ್ಲ."

ಅವನು ಸ್ನಾನಕ್ಕೆ ಹೋದ. ಅವನ ಟವೆಲ್ಲು, ಬನಿಯನ್ನು ಬಾಗಿಲಿನ ಕೊಂಡಿಗೆ ಸಿಕ್ಕಿಸುವಾಗ ಶೀಲಾವತಿಗೆ ಸಂಗತಿ ಮೆಲ್ಲನೆ ಅರ್ಥವಾಯಿತು. ಆ ಸುಳ್ಳು ಒಂದು ದಿನಕ್ಕೆಂದು ಹೇಳಿದ್ದಲ್ಲ. ಈಗ ಅದು ವ್ಯಾನಿನ ಸಾಮಾನುಗಳಲ್ಲಿ ಒಂದು. ಇನ್ನು ಎಲ್ಲಿ ಹುಲ್ಲು ಹತ್ತಿದರೂ ಅವಳು ಮರೆತಿರುತ್ತಾಳೆ. ವಾಡಿಯ ಗುಡಿಸಲುಗಳು ಹತ್ತಿದರೂ. ಪೋಲೀಸರು ಬಂದು ಗಾಡಿ ಯಾರದ್ದು ಎಂದು ಕೇಳಿದರೂ ಉತ್ತರ ಅವಳ ಹೆಸರೇ.

ಬುಧವಾರ ಬೆಳಿಗ್ಗೆ ಅಣ್ಣತಮ್ಮ ಇಬ್ಬರೂ ಆರ್‌ಟಿಒ ಏಜೆಂಟನ ಅಂಗಡಿಗೆ ಹೋದರು. ವ್ಯಾನಿನ ಪರ್ಮಿಟ್ಟು ಆ ವಾರಕ್ಕೆ ಮುಗಿಯುತ್ತಿತ್ತು; ನವೀಕರಿಸದೆ ಶುಕ್ರವಾರದ ಟ್ರಿಪ್ಪಿಗೆ ಹೊರಡುವಂತಿಲ್ಲ. ಯಕ್ಷಿತಾ ಕಾಲೇಜಿಗೆ ಹೋಗಿದ್ದಳು. ಶೀಲಾವತಿ ಒಬ್ಬಳೇ ಕೂತು ಬಸಳೆ ಸೋಸುತ್ತಿದ್ದಾಗ ಅವಳ ಮೊಬೈಲು ಕಿಣಿಕ್ ಎಂದಿತು. ಒಂದು ಒಟಿಪಿ. ಹಿಂದೆಯೇ ಮನೀಶನ ಫೋನು.

"ಅತ್ತಿಗೆ, ಒಂದು ನಂಬರ್ ಬರ್ತದೆ ನಿಮಗೆ. ಓನರ್ ಮೊಬೈಲಿಗೇ ಬರುವುದು ಅದು. ಬಂದಕೂಡಲೇ ಹೇಳಿ, ಇಲ್ಲಿ ಲೈನ್ ಉಂಟು. ಹಾಂ, ಹೋಲ್ಡ್ ಮಾಡಿ, ಏಜೆಂಟ್ ಏನೋ ಕೇಳ್ತಾನೆ..."

ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಆರು ಅಂಕಿ. ಅದರ ಕೆಳಗೆ, ಇದನ್ನು ಯಾರಿಗೂ ಹೇಳಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹಿಂದೆ ಬಂದ ಅಂಕಿಗಳನ್ನೆಲ್ಲ ಅವಳು ಕೂಡಲೇ ಓದಿ ಹೇಳಿದ್ದಳು. ಗ್ಯಾಸಿನದು, ಬ್ಯಾಂಕಿನದು, ಈ ವ್ಯಾನಿನದೇ ಕಳೆದ ವರ್ಷದ್ದು. ಅದೂ ಅವಳ ಕೆಲಸಗಳಲ್ಲಿ ಒಂದಾಗಿತ್ತು. ವ್ಯಾನಿನಲ್ಲಿ ಅವಳದ್ದೇ ಎನ್ನಬಹುದಾದದ್ದು ಏನಾದರೂ ಇದ್ದರೆ ಅದು ಇದೊಂದೇ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಹೇಳದಿದ್ದರೆ ಶುಕ್ರವಾರದ ಟ್ರಿಪ್ ಇಲ್ಲ. ಟ್ರಿಪ್ ಇಲ್ಲದಿದ್ದರೆ ಮೇವೂ ಹೋಗುವುದಿಲ್ಲ. ಹೌಸಾಬಾಯಿಯ ಎಮ್ಮೆಗಳು ಎಲೆಯನ್ನೇ ತಿನ್ನಬೇಕು. ಹೇಳಿದರೆ ಒಣಹುಲ್ಲು ಹೊತ್ತ ವ್ಯಾನು ಜಾಳಿಯಿಲ್ಲದ ಜನರೇಟರಿನೊಂದಿಗೆ ಒಣಗಿದ ಮಾಳ ಹತ್ತುತ್ತದೆ. ಯಾವ ಕಡೆ ತಿರುಗಿದರೂ ಆ ಹೆಂಗಸಿಗೆ ಅವಳು ಒಳ್ಳೆಯದು ಮಾಡುವಂತಿರಲಿಲ್ಲ. ತನಗೂ ಅಷ್ಟೆ. ಈ ಮನೆಯ ಅನ್ನ ಆ ವ್ಯಾನಿನಿಂದಲೇ ಬರುತ್ತಿತ್ತು. ಇವತ್ತು ಹೇಳದಿದ್ದರೆ ಮಧ್ಯಾಹ್ನ ಧನರಾಜ ಮನೆಗೆ ಬಂದು ಎದುರು ನಿಂತು ಫೋನು ಕಿತ್ತುಕೊಳ್ಳಲೂಬಹುದು. ಇನ್ನೊಂದು ಅಂಕಿ ಬರುತ್ತದೆ, ಅವನೇ ಓದಿಕೊಳ್ಳುತ್ತಾನೆ.

ಸುಲಭದ ದಾರಿಗಳೂ ಇದ್ದವು. ನಂಬರ್ ಬರಲೇ ಇಲ್ಲ ಎನ್ನಬಹುದು. ಬಂದಿತ್ತು, ಕೈ ತಾಗಿ ಅಳಿಸಿಹೋಯಿತು ಎನ್ನಬಹುದು. ನೋಡಲು ಮರೆತೆ ಎಂದರಂತೂ ಮರುಮಾತಿಲ್ಲದೆ ನಂಬುತ್ತಾರೆ. ಬೈದು, ನಕ್ಕು ಸುಮ್ಮನಾಗುತ್ತಾರೆ. ಆ ಮಾತು ಅವಳ ನಾಲಿಗೆಯ ತುದಿಗೆ ತಾನಾಗಿ ಬಂದೂ ಬಂತು.

"ಅತ್ತಿಗೆ? ಬಂತಾ? ಬೇಗ ಹೇಳಿ, ಟೈಮ್ ಹೋಗ್ತದೆ."

ಅವಳು ಬಸಳೆಯ ತಟ್ಟೆಯನ್ನು ತೊಡೆಯಿಂದ ಕೆಳಗಿಟ್ಟಳು.

"ಬಂದಿದೆ ಮನೀಶ್," ಎಂದಳು. "ನಾನು ಹೇಳುವುದಿಲ್ಲ."